ಸಹೋದರರ ಮನೆಯ ಬಾಗಿಲು

 

ಬೋಡಿಯಿಂದ ಹದಿನೇಳು ತಿರುವು ಹತ್ತಿ ಬಂದರೆ ಬೋಡಿಮೆಟ್ಟು. ಆ ಕಡೆ ಮಲಯಾಳ, ಈ ಕಡೆ ತಮಿಳು, ನಮ್ಮ ಅಡುಗೆಮನೆಯಲ್ಲಿ ಮಾತ್ರ ಕನ್ನಡ. ಚೆಕ್‌ಪೋಸ್ಟಿನಲ್ಲಿ ಬಸ್ಸು ನಿಂತರೆ ಮೊದಲು ಕೇಳುವ ಮಾತು, "ನೀವು ಯಾವ ಕಡೆಯವರು?" ಈ ಪ್ರಶ್ನೆಯ ನೋವು ನಿಮಗೂ ಗೊತ್ತು, ನನಗೂ ಗೊತ್ತು. ಆ ಪ್ರಶ್ನೆಯನ್ನೇ ಕೇಳಬಾರದು ಎಂದು ನಿಯಮ ಮಾಡಿಕೊಂಡ ಒಂದು ಸಂಘದ ಚರಿತ್ರೆಯನ್ನು ಇವತ್ತು ಹೇಳುತ್ತೇನೆ. ಅವರು ಆ ನಿಯಮವನ್ನು ಉಳಿಸಿಕೊಂಡರೋ ಇಲ್ಲವೋ ನೀವೇ ತೀರ್ಮಾನಿಸಿ.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ಎಸ್ಟೇಟಿನ ವಯಸ್ಸಾದ ಒಬ್ಬರು ಕೌಂಟರಿಗೆ ಬರುತ್ತಿದ್ದರು. ಒಂದು ದಿನ "ಸಾಯಂಕಾಲ ಲಾಡ್ಜಿಗೆ ಹೋಗಬೇಕು, ಬೇಗ ಕೊಡಿ" ಎಂದರು. ಲಾಡ್ಜ್ ಅಂದರೆ ನಮಗೆ ಬಾಡಿಗೆ ರೂಮು ತಾನೇ? "ಮನೆ ಇರುವಾಗ ಲಾಡ್ಜ್ ಯಾಕೆ ಸಾರ್?" ಎಂದು ಕೇಳಿಬಿಟ್ಟೆ. ಅವರು ನಕ್ಕು, "ಅದು ರೂಮಲ್ಲಪ್ಪ, ಫ್ರೀಮೇಸನ್ನರ ಸಭೆ" ಎಂದರು. ಅಂದಿನಿಂದ ಆ ವಿಷಯ ಓದುವ ಚಟ ಹಿಡಿಯಿತು.

ಮೇಸನ್ ಅಂದರೆ ಗಾರೆಯವನು, ನಮ್ಮ ಕಡೆ ಕೊತ್ತನಾರ್ ಅನ್ನುತ್ತಾರಲ್ಲ, ಅವನೇ. ಹಿಂದೆ ಯೂರೋಪಿನಲ್ಲಿ ದೊಡ್ಡ ಚರ್ಚುಗಳನ್ನು ಕಟ್ಟುತ್ತಿದ್ದ ಕಲ್ಲುಕೆಲಸದವರ ಕೂಟಗಳಿದ್ದವು. ಕಾಲ ಕಳೆದಂತೆ ಕಲ್ಲು ಮುಟ್ಟದವರೂ ಅಂಥ ಕೂಟಗಳಿಗೆ ಸೇರಿದರು. ಅವರೇ ಹೇಳಿಕೊಳ್ಳುವಂತೆ 1717ರ ಜೂನ್ 24ರಂದು ಲಂಡನ್ನಿನ ನಾಲ್ಕು ಲಾಡ್ಜುಗಳು ಸೇರಿ ಒಂದು ಮಹಾಸಭೆಯನ್ನು ಮಾಡಿಕೊಂಡವು. 1723ರಲ್ಲಿ ಅದರ ಕಟ್ಟಳೆಗಳು ಅಚ್ಚಾದವು. ಮೂಲೆಮಟ್ಟ, ಕೈವಾರ, ರಸಮಟ್ಟ, ತೂಗುಗುಂಡು ಇವು ಅವರಿಗೆ ನಡತೆಯ ಗುರುತುಗಳಾದವು. ರಸಮಟ್ಟ ಇಟ್ಟು ನೋಡಿದರೆ ಎಲ್ಲರೂ ಒಂದೇ ಸಮ ಎಂದು ಅರ್ಥ. ಸಭೆಯಲ್ಲಿ ಮತದ ಜಗಳ, ರಾಜಕೀಯದ ಜಗಳ ಎತ್ತುವಂತಿಲ್ಲ. ದೇವರೊಬ್ಬನಿದ್ದಾನೆ ಎಂದು ನಂಬಿದರೆ ಸಾಕು. ಪ್ರಮಾಣವನ್ನು ಅವರವರ ಧರ್ಮಗ್ರಂಥದ ಮೇಲೆ ಮಾಡಬಹುದು.

ಬಾಗಿಲು ಹಾಕಿಕೊಂಡು ಸೇರುತ್ತಿದ್ದುದರಿಂದ ಉತ್ತರ ಹಿಂದೂಸ್ತಾನದ ಜನ ಅವರ ಕಟ್ಟಡವನ್ನು ಜಾದೂಘರ್ ಎಂದು ಕರೆದು ಹೆದರುತ್ತಿದ್ದರು. ಆದರೆ ಒಳಗಿನ ಒಂದು ಪದ್ಧತಿ ಹಣ ಎಣಿಸಿಯೇ ಆಯುಷ್ಯ ಕಳೆದ ನನ್ನನ್ನು ಬಹಳ ತಟ್ಟಿತು. ಹೊಸದಾಗಿ ಸೇರುವವನ ಮೈಮೇಲಿನ ಕಾಸು, ಉಂಗುರ, ಗಡಿಯಾರ ಎಲ್ಲವನ್ನೂ ಮೊದಲೇ ತೆಗೆಸಿಬಿಡುತ್ತಾರೆ. ಆಮೇಲೆ ಸಭೆಯ ನಡುವೆ ನಿಲ್ಲಿಸಿ, "ಬಡವರಿಗಾಗಿ ಏನಾದರೂ ಕೊಡು" ಎಂದು ಕೇಳುತ್ತಾರೆ. ಅವನು ತಡವರಿಸುತ್ತಾನೆ, ಕೊಡಲು ಕಾಸಿಲ್ಲ. ಆಗ ಹೇಳುತ್ತಾರೆ, "ಈ ಗಳಿಗೆಯನ್ನು ಮರೆಯಬೇಡ. ಮುಂದೆ ಹೀಗೇ ಬರಿಗೈಯಲ್ಲಿ ನಿಂತವನೊಬ್ಬ ನಿನ್ನೆದುರು ಬಂದರೆ ಕೈಲಾದ್ದು ಕೊಡು." ಸಹೋದರ ಪ್ರೀತಿ, ನೆರವು, ಸತ್ಯ, ಈ ಮೂರು ಅವರ ಮೂಲ ತತ್ವಗಳು.

ಇನ್ನು ನಮ್ಮ ದೇಶದ ಕಥೆ. 1730ರ ಹೊತ್ತಿಗೆ ಕಲ್ಕತ್ತೆಯಲ್ಲಿ, 1752ರಲ್ಲಿ ಮದರಾಸಿನಲ್ಲಿ ಲಾಡ್ಜು ಬಂತು. ಎಲ್ಲ ಬಿಳಿಯರದ್ದೇ. 1775ರಲ್ಲಿ, ದಿಂಡಿಗಲ್ಲಿನಿಂದ ದೂರವೇನಲ್ಲದ ತಿರುಚಿನಾಪಳ್ಳಿಯಲ್ಲಿ, ಆರ್ಕಾಟು ನವಾಬರ ಮಗ ಉಮ್ದತ್ ಉಲ್ ಉಮ್ರಾ ಅವರನ್ನು ಸೇರಿಸಿಕೊಂಡರು. ಸುದ್ದಿ ಕೇಳಿ ಸಂತೋಷಪಟ್ಟ ಲಂಡನ್ನಿನ ಮಹಾಸಭೆ ಅಲಂಕಾರದ ಏಪ್ರನ್ನು, ಕಟ್ಟಳೆಯ ಪುಸ್ತಕವನ್ನು ಕಾಣಿಕೆಯಾಗಿ ಕಳಿಸಿತು. ನವಾಬನ ಮಗನಿಗೆ ಬಾಗಿಲು ತೆರೆಯುವುದು ಸುಲಭ. ಸಾಮಾನ್ಯನಿಗೆ?

ಕಲ್ಕತ್ತೆಯಲ್ಲಿ ಪ್ರಸನ್ನಕುಮಾರ ದತ್ತ ಎಂಬ ಬಂಗಾಳಿ ವ್ಯಾಪಾರಿ ತಾನೂ ಸೇರುತ್ತೇನೆ ಎಂದು ಕೇಳಿದರು. ಹಿಂದೂಗಳಿಗೆ ದೇವರು ಹಲವು, ಜಾತಿ ಪಾಲಿಸುವವರು ಎಲ್ಲರನ್ನೂ ಸಹೋದರರೆಂದು ಒಪ್ಪುವುದು ಹೇಗೆ ಎಂದು ಅಲ್ಲಿನ ಅಧಿಕಾರಿಗಳು ತಡೆದರು. ದತ್ತರು ಬಿಡಲಿಲ್ಲ. ಸುಮಾರು ಒಂಬತ್ತು ವರ್ಷ ಕಾದು, ವಾದಿಸಿ, ಕೊನೆಗೆ 1872ರಲ್ಲಿ 'ಆಂಕರ್ ಅಂಡ್ ಹೋಪ್' ಲಾಡ್ಜಿನೊಳಗೆ ಕಾಲಿಟ್ಟರು. ಅದೇ ಲಾಡ್ಜಿಗೆ 1884ರಲ್ಲಿ ನರೇಂದ್ರನಾಥ ದತ್ತ ಎಂಬ ತರುಣ ಸೇರಿದ. ಅವನೇ ಮುಂದೆ ಸ್ವಾಮಿ ವಿವೇಕಾನಂದರಾದದ್ದು. ಹಿಂದಿನವನು ಬಾಗಿಲು ತಟ್ಟಿದ್ದರಿಂದ ಮುಂದಿನವನಿಗೆ ಅದು ತೆರೆದಿತ್ತು.

1961ರ ನವೆಂಬರ್ 24ರಂದು ದೆಹಲಿಯಲ್ಲಿ ಭಾರತದ್ದೇ ಮಹಾಸಭೆ ಸ್ಥಾಪನೆಯಾಯಿತು. ಗೀತೆ, ಕುರಾನು, ಬೈಬಲ್ಲು, ಗುರುಗ್ರಂಥ, ಅವೆಸ್ತಾ ಅವರ ಪೀಠದಲ್ಲಿ ಒಟ್ಟಿಗೆ ಇರುತ್ತವೆ. ಆದರೆ ಹೆಂಗಸರಿಗೆ ಅಲ್ಲಿ ಇಂದಿಗೂ ಪ್ರವೇಶವಿಲ್ಲ. ಹೆಣ್ಣು ಗಂಡು ಇಬ್ಬರನ್ನೂ ಸೇರಿಸಿಕೊಳ್ಳುವ ಬೇರೊಂದು ಶಾಖೆ 1893ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿತು. ಅದಕ್ಕೆ 1902ರಲ್ಲಿ ಸೇರಿ ನಮ್ಮ ದೇಶಕ್ಕೂ ತಂದವರು ಆನಿ ಬೆಸೆಂಟಮ್ಮನವರು.

ಅವರ ದಾನದ ದಾರಿಯೂ ಹೀಗೇ ಮೆಲ್ಲಗೆ ಅಗಲವಾಯಿತು. 1788ರಲ್ಲಿ ಲಂಡನ್ನಿನಲ್ಲಿ ಶಾಲೆ ತೆರೆದಾಗ ಅದು ಕಷ್ಟಕ್ಕೆ ಬಿದ್ದ ಮೇಸನ್ನರ ಹೆಣ್ಣುಮಕ್ಕಳಿಗಾಗಿ, ಅಂದರೆ ತಮ್ಮವರಿಗಾಗಿ. ಇತ್ತ ನಮ್ಮ ಕೊಯಮತ್ತೂರಿನಲ್ಲಿ ಮೇಸನ್ನರು ಕಟ್ಟಿದ ಮಕ್ಕಳ ಆಸ್ಪತ್ರೆ ಸದಸ್ಯರ ಮಕ್ಕಳಿಗಷ್ಟೇ ಮೀಸಲಲ್ಲ, ಊರ ಮಕ್ಕಳಿಗೆಲ್ಲ.

ಬೇರೆಯವರ ಬಾಗಿಲಿನ ಮಾತು ಇಷ್ಟು ಹೇಳಿದ ಮೇಲೆ ನನ್ನ ಬಾಗಿಲಿನ ಮಾತನ್ನೂ ಹೇಳಬೇಕು. ನಮ್ಮವರ ಒಂದು ಸಂಘದ ಲೆಕ್ಕಪತ್ರ ಕೆಲವು ವರ್ಷ ನನ್ನ ಕೈಯಲ್ಲಿತ್ತು. ಒಂದು ಜೂನ್ ತಿಂಗಳು, ಶಾಲೆ ತೆರೆಯುವ ಕಾಲ. ಏಲಕ್ಕಿ ತೋಟದಲ್ಲಿ ಕೂಲಿ ಮಾಡುವ ಹೆಂಗಸೊಬ್ಬಳು ಮಗನ ಪುಸ್ತಕಕ್ಕೆಂದು ಬಂದಳು. "ಕೂಲಿ ಬಂದ ತಕ್ಷಣ ತಿರುಗಿ ಕೊಡ್ತೀನಿ ಅಯ್ಯಾ" ಎಂದು ತಮಿಳಿನಲ್ಲಿ ಕೇಳಿದಳು. ಪೆಟ್ಟಿಗೆಯಲ್ಲಿ ಹಣವಿತ್ತು. ನಿಯಮದ ಪುಸ್ತಕದಲ್ಲಿ 'ನಮ್ಮವರಿಗೆ ಮಾತ್ರ' ಎಂದಿತ್ತು. ನಾನು ಅರ್ಜಿಯ ಅಂಚಿನಲ್ಲಿ 'ಅರ್ಹರಲ್ಲ' ಎಂದು ಬರೆದೆ. ಅಕ್ಷರ ಬಹಳ ಚೆನ್ನಾಗಿ ಬಂದಿತ್ತು, ಅದೂ ನೆನಪಿದೆ. ಅವಳು ಜಗಳ ಮಾಡಲಿಲ್ಲ. ಸೆರಗು ತಲೆಗೆಳೆದುಕೊಂಡು ಮಳೆಯಲ್ಲಿ ಇಳಿದು ಹೋದಳು.

ದತ್ತರ ಅರ್ಜಿಯ ಕಥೆ ಓದಿದ ದಿನ ನನಗೆ ಆ ಅರ್ಜಿ ನೆನಪಾಯಿತು. ಚೆಕ್‌ಪೋಸ್ಟಿನವನು ನನ್ನನ್ನು ಕೇಳಿದರೆ ನೋಯುವ ಪ್ರಶ್ನೆಯನ್ನೇ ನಾನು ಅವಳಿಗೆ ಕೇಳಿದ್ದೆ. ಅವಳನ್ನು ಹುಡುಕಿದೆ. ತೋಟ ಬದಲಿಸಿ ಆ ಕಡೆಗೆ ಹೋಗಿದ್ದಳು, ಸಿಗಲಿಲ್ಲ.

ಬಂಧುಗಳೇ, ಕಂಬಂನಲ್ಲಿ ನಮ್ಮ ಒಕ್ಕಲಿಗರ ನಂದಗೋಪಾಲನ ತಂಬಿರಾನ್ ಮಾಟ್ಟುತ್ತೊಳು ಇದೆ. ಮಾಟ್ಟುಪೊಂಗಲಿನಂದು ಅಲ್ಲಿನ ಹಸುಗಳಿಗೆ ಕೈಮುಗಿಯಲು ಸುತ್ತಲಿನ ರೈತರೆಲ್ಲ ಬರುತ್ತಾರೆ. ಯಾರನ್ನೂ ಯಾವ ಮನೆಮಾತಿನವರು ಎಂದು ಕೇಳುವುದಿಲ್ಲ. ದೊಡ್ಡಿಯ ಬಾಗಿಲು ಅಷ್ಟು ಅಗಲವಾಗಿರುವಾಗ ಸಂಘದ ಪೆಟ್ಟಿಗೆಯ ಮುಚ್ಚಳ ಮಾತ್ರ ಯಾಕೆ ಇಕ್ಕಟ್ಟು?

ನಿಮ್ಮೂರಿನಲ್ಲೂ ಒಂದು ಸಂಘ ಇರುತ್ತದೆ, ಒಂದು ನಿಯಮದ ಪುಸ್ತಕ ಇರುತ್ತದೆ. ಈ ಭಾನುವಾರ ಅದನ್ನು ತೆಗೆದು ಒಮ್ಮೆ ಓದಿ. ರಸಮಟ್ಟ ಇಟ್ಟು ನೋಡಿ, ಎಲ್ಲಿ ಓರೆಯಿದೆಯೋ ಅಲ್ಲಿ ತಿದ್ದಿ. ನನ್ನ ಕೈ ತಡವಾಗಿ ತಿದ್ದಿತು. ನಿಮ್ಮದು ತಡವಾಗದಿರಲಿ.