ಕೈಯರಿವು ಮತ್ತು ಸ್ವಯಂಚಾಲಿತ ನೂಕುಬಲ: 1990ರ ಬೆಂಗಳೂರು ವಿಮಾನ ದುರಂತದ ಒಂದು ಓದು

ಜಗಳೂರು ಸೀಮೆಯ ಬೆದ್ದಲು ಹೊಲಗಳಲ್ಲಿ ಕೂರಿಗೆಯ ಬಟ್ಟಲಿಗೆ ಬೀಜ ಬಿಡುವ ಹೆಣ್ಣುಮಗಳು ಕಾಳಿನ ಹರಿವನ್ನು ಬೆರಳಿನಿಂದಲೇ ಅಳೆಯುತ್ತಾಳೆ. ಎತ್ತುಗಳ ನಡಿಗೆ ಚುರುಕಾದರೆ ಬೆರಳೂ ಚುರುಕಾಗುತ್ತದೆ. ಚನ್ನಗಿರಿಯ ಸೂಳೆಕೆರೆಯಂತಹ ದೊಡ್ಡ ಕೆರೆಗಳ ಸೀಮೆಯಲ್ಲಿ ತೂಬು ಎತ್ತುವ ನೀರುಗಂಟಿಯದೂ ಇದೇ ಬಗೆಯ ಅರಿವು. ಜಾನಪದ ಅಧ್ಯಯನವು ಇದನ್ನು ದೇಸಿ ತಂತ್ರಜ್ಞಾನವೆಂದು ದಾಖಲಿಸಿದೆ. ಆದರೆ ಕೈಯಿಂದ ಈ ಅರಿವು ಕಳಚಿಹೋದಾಗ ಏನಾಗುತ್ತದೆಂಬ ಪ್ರಶ್ನೆಯನ್ನು ನಾವು ಅಷ್ಟಾಗಿ ಕೇಳಿಲ್ಲ. ಆ ಪ್ರಶ್ನೆಗೆ ಸಂಬಂಧಿಸಿದ ದಾರುಣ ದಾಖಲೆಯೊಂದು ಹೊಲದಲ್ಲಲ್ಲ, ಬೆಂಗಳೂರಿನ ಎಚ್‌ಎಎಲ್ ವಿಮಾನ ನಿಲ್ದಾಣದ ಅಂಚಿನಲ್ಲಿದೆ.

1990ರ ಫೆಬ್ರವರಿ 14ರಂದು ಮುಂಬಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ ಏರ್‌ಬಸ್ ಎ320 ವಿಮಾನವು ರನ್‌ವೇ ತಲುಪುವ ಮೊದಲೇ ಗಾಲ್ಫ್ ಮೈದಾನದ ನೆಲಕ್ಕೆ ತಾಗಿ, ದಿಬ್ಬಕ್ಕೆ ಅಪ್ಪಳಿಸಿ ಉರಿದುಹೋಯಿತು. ಒಳಗಿದ್ದ 146 ಜನರಲ್ಲಿ 92 ಮಂದಿ ಸತ್ತರು.

ಈ ವಿಮಾನದ ಎಂಜಿನ್‌ಗೆ ಎಷ್ಟು ಇಂಧನ ಹರಿಯಬೇಕೆಂಬುದನ್ನು ಚಾಲಕನ ಕೈ ನೇರವಾಗಿ ನಿರ್ಧರಿಸುವುದಿಲ್ಲ. ಸನ್ನೆಕೋಲು ಕೇವಲ ಕೋರಿಕೆಯನ್ನು ಸಲ್ಲಿಸುತ್ತದೆ. ಗಾಳಿಯ ಒತ್ತಡ, ಉಷ್ಣತೆ, ಎಂಜಿನ್ನಿನ ಸುತ್ತುವೇಗಗಳನ್ನು ಓದಿ ಇಂಧನವನ್ನು ಅಳೆಯುವುದು ಎಂಜಿನ್ನಿನದೇ ಗಣಕ. ಅದಕ್ಕೆ ಎರಡು ಸರಣಿಗಳಿದ್ದು, ಒಂದು ಕೆಟ್ಟರೆ ಇನ್ನೊಂದು ಹೊಣೆ ಹೊರುತ್ತದೆ. ಇದರ ಮೇಲೆ ಸ್ವಯಂಚಾಲಿತ ನೂಕುಬಲದ ವ್ಯವಸ್ಥೆಯಿದೆ. ಬೋಯಿಂಗ್ ವಿಮಾನಗಳಲ್ಲಿ ಅದು ನೂಕುಬಲವನ್ನು ಬದಲಿಸಿದಾಗ ಮೋಟಾರಿನ ಮೂಲಕ ಸನ್ನೆಕೋಲೂ ಸರಿಯುತ್ತದೆ. ಮೇಲೆ ಕೈಯಿಟ್ಟವನಿಗೆ ತಿಳಿಯುತ್ತದೆ. ಎ320ರಲ್ಲಿ ಸನ್ನೆಕೋಲು ಅಲುಗುವುದಿಲ್ಲ. ಬದಲಾವಣೆಯನ್ನು ಕಣ್ಣು ಫಲಕದಲ್ಲಿ ಓದಿಕೊಳ್ಳಬೇಕು.

ಈ ವ್ಯವಸ್ಥೆಗೆ ಹಲವು ಸ್ಥಿತಿಗಳಿವೆ. ‘ಸ್ಪೀಡ್’ ಸ್ಥಿತಿಯಲ್ಲಿ ವೇಗ ಇಳಿದರೆ ನೂಕುಬಲ ತಾನೇ ಏರುತ್ತದೆ. ‘ಓಪನ್ ಡಿಸೆಂಟ್’ ಸ್ಥಿತಿಯಲ್ಲಿ ಎಂಜಿನ್ ಕನಿಷ್ಠ ಮಟ್ಟದಲ್ಲೇ ಉಳಿಯುತ್ತದೆ. ಮೂಗನ್ನು ಬಗ್ಗಿಸಿ ವೇಗ ಕಾಯ್ದುಕೊಳ್ಳಬೇಕು. ಅಂದು ಇಳಿಯುವ ಕೊನೆಯ ಹಂತದಲ್ಲಿ ವಿಮಾನವಿದ್ದುದು ಈ ಎರಡನೆಯ ಸ್ಥಿತಿಯಲ್ಲಿ. ಅದರಿಂದ ಹೊರಬರಲು ಎರಡೂ ಫ್ಲೈಟ್ ಡೈರೆಕ್ಟರ್‌ಗಳನ್ನು ಆರಿಸಬೇಕಿತ್ತು, ಆರಿದ್ದು ಒಂದೇ. 132 ನಾಟ್ ಇರಬೇಕಿದ್ದ ವೇಗ 106ಕ್ಕೆ ಕುಸಿಯಿತು. ಕೊನೆಗೆ ಪೂರ್ಣ ಬಲ ಕೋರಿದಾಗ, ತಗ್ಗಿದ್ದ ಎಂಜಿನ್‌ಗಳು ಮೇಲೇಳಲು ಬೇಕಾದ ಕೆಲವು ಕ್ಷಣಗಳು ಉಳಿದಿರಲಿಲ್ಲ.

ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ಟರ ನೇತೃತ್ವದ ತನಿಖೆಯು, ಚಾಲಕರು ಪರಿಸ್ಥಿತಿಯ ಗಂಭೀರತೆಯನ್ನು ಸಕಾಲದಲ್ಲಿ ಅರಿಯಲಿಲ್ಲವೆಂದು ಹೇಳಿತು. ಆ ಸ್ಥಿತಿ ಏಕೆ ಬಂತೆಂಬುದನ್ನು ಖಚಿತವಾಗಿ ಹೇಳಲಾಗದೆ ಎರಡು ಸಾಧ್ಯತೆಗಳನ್ನು ಮುಂದಿಟ್ಟಿತು. ಅವುಗಳಲ್ಲೊಂದು, ನಿಮಿಷಕ್ಕೆ 700 ಅಡಿ ಇಳಿಯುವ ದರವನ್ನು ಸೂಚಿಸಲು ಹೋಗಿ 700 ಅಡಿ ಎತ್ತರವನ್ನೇ ಆಯ್ದಿರಬಹುದೆಂಬುದು. ಎರಡೂ ತಿರುಗುಗುಂಡಿಗಳು ಹತ್ತಿರ ಹತ್ತಿರದಲ್ಲಿದ್ದವು. ಸಮುದ್ರಮಟ್ಟದಿಂದ ಸುಮಾರು 2,900 ಅಡಿ ಮೇಲಿರುವ ನಿಲ್ದಾಣಕ್ಕೆ 700 ಅಡಿಯೆಂದರೆ ನೆಲದೊಳಗಿನ ಎತ್ತರ!

ದೋಷವನ್ನು ಚಾಲಕರ ಮೇಲಷ್ಟೇ ಹೊರಿಸುವುದು ನನಗೆ ಒಪ್ಪಿಗೆಯಿಲ್ಲ. ಹಾಗೆಂದು ಯಂತ್ರವೂ ಕೆಟ್ಟಿರಲಿಲ್ಲ; ಹೇಳಿದ್ದನ್ನೇ ಮಾಡಿತು. ಕೂರಿಗೆಯ ಬಟ್ಟಲು ಬರಿದಾದರೆ ಬೆರಳಿಗೆ ತಿಳಿಯುವಂತೆ ಇಲ್ಲಿ ಕೈಗೆ ತಿಳಿಯುವ ದಾರಿಯಿರಲಿಲ್ಲವೆಂಬುದನ್ನು ಗಮನಿಸಬೇಕು.

ಎಚ್‌ಎಎಲ್‌ನಿಂದ ನಿಯತ ನಾಗರಿಕ ವಿಮಾನಸೇವೆ 2008ರಲ್ಲಿ ದೇವನಹಳ್ಳಿಗೆ ಸ್ಥಳಾಂತರವಾಯಿತು. ಹೊನ್ನಾಳಿ, ನ್ಯಾಮತಿಗಳಿಗೆ ಸಮೀಪದ ಶಿವಮೊಗ್ಗದ ಸೋಗಾನೆಯಲ್ಲಿ 2023ರ ಫೆಬ್ರವರಿಯಲ್ಲಿ ನಿಲ್ದಾಣ ಉದ್ಘಾಟನೆಗೊಂಡು, ಆಗಸ್ಟ್‌ನಲ್ಲಿ ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಬಂತು. ಅದು ಎಟಿಆರ್ 72. ಅದರಲ್ಲಿಯೂ ಇಂಧನ ಅಳೆಯುವುದು ಗಣಕವೇ. ಸ್ವಯಂಚಾಲಿತ ನೂಕುಬಲ ಮಾತ್ರ ಇಲ್ಲ. ಬಲ ಏರಿಸಬೇಕಾದರೆ ಚಾಲಕನು ಸನ್ನೆಕೋಲನ್ನು ಕೈಯಿಂದಲೇ ಸರಿಸಬೇಕು.