ವೈಟ್ ಮೌಂಟನ್ಸ್‌ನ ಚಳಿಗಾಲದ ಚಾರಣ

ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ವೈಟ್ ಮೌಂಟನ್ಸ್ ಶ್ರೇಣಿಯಲ್ಲಿ ಹಿಮ ತುಂಬಿದ ಕಾಡುಹಾದಿ ಹಿಡಿದು ಶಿಖರವೇರುವ ಪರಿಪಾಠಕ್ಕೆ ಒಂದೂವರೆ ಶತಮಾನಕ್ಕೂ ಮೀರಿದ ಇತಿಹಾಸವಿದೆ. ಇಲ್ಲಿನ ಅತ್ಯುನ್ನತ ಶಿಖರ ಮೌಂಟ್ ವಾಷಿಂಗ್ಟನ್ನಿನ ಎತ್ತರ ಕೇವಲ 1,917 ಮೀಟರ್. ಈ ಅಂಕಿಯನ್ನು ನಂಬಿ ಹೊರಟವರು ಅನೇಕರು ಮೋಸಹೋಗಿದ್ದಾರೆ. ಹಲವು ಬಿರುಗಾಳಿಗಳ ದಾರಿ ಇಲ್ಲಿ ಕೂಡುತ್ತದೆ. ಸುಮಾರು 1,400 ಮೀಟರ್ ದಾಟಿದ ಮೇಲೆ ಗಾಳಿಗೆ ಅಡ್ಡನಿಲ್ಲಲು ಮರಗಳೂ ಇರುವುದಿಲ್ಲ. 1934ರ ಏಪ್ರಿಲ್ 12ರಂದು ಶಿಖರದ ವೀಕ್ಷಣಾಲಯದಲ್ಲಿ ಗಂಟೆಗೆ 372 ಕಿ.ಮೀ. ವೇಗದ ಗಾಳಿ ದಾಖಲಾಯಿತು.

ಹಿಮದಲ್ಲಿ ಹೂತುಹೋಗದೆ ನಡೆಯುವ ವಿದ್ಯೆ ಅಬೆನಾಕಿ ಮೊದಲಾದ ಮೂಲನಿವಾಸಿಗಳದು. ಬಾಗಿಸಿದ ಮರದ ಚೌಕಟ್ಟಿಗೆ ಹಸಿದೊಗಲಿನ ಜಾಲ ಹೆಣೆದ ಸ್ನೋಶೂ ಅವರ ಕೊಡುಗೆ. ಆ ಋಣವನ್ನು ಚಾರಣದ ಚರಿತ್ರೆಗಳು ಇನ್ನಷ್ಟು ದೊಡ್ಡದಾಗಿ ಹೇಳಬೇಕು.

ಚಳಿಗಾಲದಲ್ಲಿ ಮೌಂಟ್ ವಾಷಿಂಗ್ಟನ್ ಏರಿದ ಮೊದಲ ದಾಖಲೆ 1858ರ ಡಿಸೆಂಬರ್ 7ರದು. ಅಂದು ಹತ್ತಿದವರು ಉಪಶೆರಿಫ್ ಲೂಸಿಯಸ್ ಹಾರ್ಟ್‌ಷೋರ್ನ್ ಮತ್ತು ಮಾರ್ಗದರ್ಶಿ ಬೆಂಜಮಿನ್ ಆಸ್‌ಗುಡ್. ಶಿಖರದ ಆಸ್ತಿಯ ವ್ಯಾಜ್ಯದಲ್ಲಿ ಜಪ್ತಿ ಮಾಡುವುದು ಅವರಿಗಿದ್ದ ಕೆಲಸ. 1870–71ರಲ್ಲಿ ಭೂವಿಜ್ಞಾನಿ ಚಾರ್ಲ್ಸ್ ಹಿಚ್‌ಕಾಕ್ ಮತ್ತು ಜೆ. ಎಚ್. ಹಂಟಿಂಗ್ಟನ್ ಅವರ ತಂಡ ಹವಾಮಾನ ಅಳೆಯಲು ಇಡೀ ಚಳಿಗಾಲ ಶಿಖರದ ಮೇಲೆಯೇ ಕಳೆಯಿತು. ಟೆಲಿಗ್ರಾಫ್ ತಂತಿಯ ಮೂಲಕ ಕೆಳಗಿನ ಜಗತ್ತಿಗೆ ವರದಿ ಕಳಿಸಿತು.

ಹತ್ತುವ ಸಂತೋಷಕ್ಕಾಗಿಯೇ ಹತ್ತುವ ರೂಢಿಯನ್ನು ಬೆಳೆಸಿದ್ದು 1876ರಲ್ಲಿ ಸ್ಥಾಪನೆಯಾದ ಅಪಲೇಚಿಯನ್ ಮೌಂಟನ್ ಕ್ಲಬ್. 1880ರ ದಶಕದಿಂದ ಅದರ ಸದಸ್ಯರು ಚಳಿಗಾಲದಲ್ಲಿ ಸ್ನೋಶೂ ಕಟ್ಟಿ ಹೊರಡತೊಡಗಿದರು. ಉದ್ದನೆಯ ಉಣ್ಣೆಯ ಲಂಗ ತೊಟ್ಟ ಹೆಂಗಸರೂ ಜೊತೆಗಿರುತ್ತಿದ್ದರು.

ಮುಂದಿನ ಅಧ್ಯಾಯದಲ್ಲಿ ಎದ್ದು ಕಾಣುವ ಹೆಸರು ಮಿರಿಯಂ ಅಂಡರ್‌ಹಿಲ್. ಗಂಡಸರ ನೆರವಿಲ್ಲದೆ ಆಲ್ಪ್ಸ್‌ನ ಕಡಿದಾದ ಶಿಖರಗಳನ್ನೇರಿ 1929ರಲ್ಲೇ ಹೆಸರಾಗಿದ್ದವರು ಅವರು. ನಾಲ್ಕು ಸಾವಿರ ಅಡಿ ಮೀರಿದ ಶಿಖರಗಳ ಪಟ್ಟಿಯನ್ನು ಕ್ಲಬ್ 1957ರಲ್ಲಿ ಅಧಿಕೃತಗೊಳಿಸಿದಾಗ ಅದರಲ್ಲಿ 46 ಹೆಸರುಗಳಿದ್ದವು, ಈಗ 48. ಅಂದಿನ ಆ 46 ಶಿಖರಗಳನ್ನೂ ಚಳಿಗಾಲದಲ್ಲಿ ಮೊದಲು ಪೂರೈಸಿದವರು ಮಿರಿಯಂ ಮತ್ತು ಪತಿ ರಾಬರ್ಟ್. 1960ರ ಡಿಸೆಂಬರಿನಲ್ಲಿ ಕೊನೆಯ ಶಿಖರ ಮುಟ್ಟುವಾಗ ಆಕೆಗೆ 62 ವರ್ಷ, ರಾಬರ್ಟ್‌ಗೆ 71. ಪಂಚಾಂಗದ ಚಳಿಗಾಲದೊಳಗಿನ ಆರೋಹಣವೇ ಆಗಬೇಕೆಂಬ ನಿಯಮ ಕಟ್ಟುನಿಟ್ಟಾಗಿದೆ; ನವೆಂಬರಿನಲ್ಲಿ ಎಷ್ಟೇ ಹಿಮವಿದ್ದರೂ ಲೆಕ್ಕಕ್ಕಿಲ್ಲ.

ಸಲಕರಣೆ ಬದಲಾಗಿ, 1970ರ ದಶಕದಿಂದ ಅಲ್ಯೂಮಿನಿಯಂ ಚೌಕಟ್ಟಿನ, ಅಡಿಯಲ್ಲಿ ಲೋಹದ ಹಲ್ಲುಗಳಿರುವ ಸ್ನೋಶೂಗಳು ಬಂದವು. ಆದರೆ ಹೊಸ ಹಿಮದಲ್ಲಿ ಹಾದಿ ತುಳಿಯುವ ದುಡಿಮೆ ಇಂದಿಗೂ ಹಳೆಯದೇ: ಮುಂದಿನವರು ದಣಿದಾಗ ಪಕ್ಕಕ್ಕೆ ಸರಿಯುತ್ತಾರೆ, ಹಿಂದಿನವರು ಮುಂದಾಗುತ್ತಾರೆ. ಬರಿಯ ಬೂಟಿನಲ್ಲಿ ನಡೆದು ತೊಡೆಯವರೆಗೆ ಗುಂಡಿ ಬೀಳಿಸಿ, ಇತರರ ಹಾದಿ ಕೆಡಿಸುವುದನ್ನು ಇಲ್ಲಿಯವರು ಒಪ್ಪುವುದಿಲ್ಲ.

ಅಪಾಯವೂ ಹಳೆಯದೇ. 1982ರ ಜನವರಿಯಲ್ಲಿ 17 ವರ್ಷದ ಹ್ಯೂ ಹರ್ ಮತ್ತು ಗೆಳೆಯ ಜೆಫ್ರಿ ಬ್ಯಾಟ್ಜರ್ ಮೌಂಟ್ ವಾಷಿಂಗ್ಟನ್ನಿನ ಹಂಟಿಂಗ್ಟನ್ ಕಂದರದ ಹಿಮಗಡ್ಡೆ ಹತ್ತಿದರು. ಮೇಲೆ ಬಿರುಗಾಳಿಗೆ ಸಿಕ್ಕಿ, ದಿಕ್ಕು ತಪ್ಪಿ, ಎದುರು ಬದಿಯ ಗ್ರೇಟ್ ಗಲ್ಫ್ ಕಣಿವೆಗಿಳಿದರು. ಅವರನ್ನು ಹುಡುಕುತ್ತಿದ್ದ ಸ್ವಯಂಸೇವಕ ಆಲ್ಬರ್ಟ್ ಡೋ ಹಿಮಕುಸಿತದಡಿ ಸಿಕ್ಕಿ ಪ್ರಾಣಬಿಟ್ಟರು. ಬದುಕುಳಿದ ಹರ್ ಮೊಣಕಾಲ ಕೆಳಗೆ ಎರಡೂ ಕಾಲು ಕಳೆದುಕೊಂಡರು. ಮುಂದೆ ಎಂಐಟಿಯಲ್ಲಿ ಕೃತಕ ಕಾಲುಗಳ ಸಂಶೋಧನೆಗೆ ಹೆಸರಾದರು. ಇಂದು ಅರಣ್ಯ ಇಲಾಖೆಯ ಹಿಮಕುಸಿತ ಕೇಂದ್ರ ಚಳಿಗಾಲದಲ್ಲಿ ಕಂದರಗಳ ಅಪಾಯದ ಮಟ್ಟವನ್ನು ಪ್ರಕಟಿಸುತ್ತದೆ. ಶಿಖರದ ವೀಕ್ಷಣಾಲಯ ಎತ್ತರದ ಹಾದಿಗಳಿಗೆಂದೇ ಪ್ರತ್ಯೇಕ ಮುನ್ಸೂಚನೆ ಕೊಡುತ್ತದೆ.