ಮ್ಯಾಕ್ ಗಣಕಗಳ ಇಂಟೆಲ್ ಪರಿವರ್ತನೆ

ಮ್ಯಾಕ್ ಗಣಕಗಳ ಇಂಟೆಲ್ ಪರಿವರ್ತನೆ ಎಂಬುದು ಅಮೆರಿಕದ ಆಪಲ್ ಸಂಸ್ಥೆಯು ತನ್ನ ಮ್ಯಾಕಿಂತೋಷ್ ಗಣಕಯಂತ್ರಗಳಲ್ಲಿ ಪವರ್‌ಪಿಸಿ ಪ್ರೊಸೆಸರುಗಳ ಬಳಕೆಯನ್ನು ನಿಲ್ಲಿಸಿ, ಇಂಟೆಲ್ ಸಂಸ್ಥೆಯ ಪ್ರೊಸೆಸರುಗಳನ್ನು ಅಳವಡಿಸಿಕೊಂಡ ಪ್ರಕ್ರಿಯೆ. 2005ರ ಜೂನ್ 6ರಂದು ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ನಡೆದ ತಂತ್ರಾಂಶ ತಯಾರಕರ ಸಮ್ಮೇಳನದಲ್ಲಿ ಆಪಲ್‌ನ ಮುಖ್ಯಸ್ಥ ಸ್ಟೀವ್ ಜಾಬ್ಸ್ ಇದನ್ನು ಘೋಷಿಸಿದರು. 2007ರ ಕೊನೆಗೆ ಮುಗಿಯಬೇಕಿದ್ದ ಯಂತ್ರಗಳ ಬದಲಾವಣೆಯು 2006ರಲ್ಲೇ ಪೂರ್ಣಗೊಂಡಿತು. ಆದರೆ ತಂತ್ರಾಂಶಗಳ ಬದಲಾವಣೆಗೆ ಇನ್ನೂ ಹಲವು ವರ್ಷಗಳು ಹಿಡಿದವು.

ಹಿನ್ನೆಲೆ

1984ರಲ್ಲಿ ಬಿಡುಗಡೆಯಾದ ಮೊದಲ ಮ್ಯಾಕಿಂತೋಷ್‌ನಲ್ಲಿ ಮೋಟೊರೋಲಾ ಸಂಸ್ಥೆಯ 68000 ಪ್ರೊಸೆಸರ್ ಇತ್ತು. 1991ರಲ್ಲಿ ಆಪಲ್, ಐಬಿಎಂ ಮತ್ತು ಮೋಟೊರೋಲಾ ಸಂಸ್ಥೆಗಳು ಒಂದಾಗಿ ಪವರ್‌ಪಿಸಿ ಎಂಬ ಹೊಸ ಪ್ರೊಸೆಸರ್ ಸರಣಿಯನ್ನು ರೂಪಿಸಲು ತೊಡಗಿದವು. 1994ರಿಂದ ಮ್ಯಾಕ್ ಗಣಕಗಳಲ್ಲಿ ಈ ಪ್ರೊಸೆಸರುಗಳು ಬಳಕೆಗೆ ಬಂದವು. ಹೀಗಾಗಿ ಇಂಟೆಲ್ ಪರಿವರ್ತನೆಯು ಆಪಲ್ ಕೈಗೊಂಡ ಇಂಥ ಎರಡನೆಯ ಬದಲಾವಣೆ.

ಕಾರಣಗಳು

2003ರಲ್ಲಿ ಐಬಿಎಂ ತಯಾರಿಸಿದ ಜಿ5 ಪ್ರೊಸೆಸರನ್ನು ಪರಿಚಯಿಸಿದ ಜಾಬ್ಸ್, ಒಂದು ವರ್ಷದೊಳಗೆ ಅದರ ವೇಗ 3 ಗಿಗಾಹರ್ಟ್ಸ್ ತಲುಪುವುದೆಂದು ಭರವಸೆ ನೀಡಿದ್ದರು. ಎರಡು ವರ್ಷ ಕಳೆದರೂ ಆ ವೇಗ ದೊರೆಯಲಿಲ್ಲ. ಜಿ5 ಹೆಚ್ಚು ವಿದ್ಯುತ್ತನ್ನು ಬಳಸಿ ಹೆಚ್ಚು ಶಾಖವನ್ನು ಹೊರಸೂಸುತ್ತಿತ್ತು. ಅದರ ಕೆಲವು ಮೇಜುಗಣಕಗಳಿಗೆ ದ್ರವದಿಂದ ತಂಪಾಗಿಸುವ ವ್ಯವಸ್ಥೆಯನ್ನೇ ಜೋಡಿಸಬೇಕಾಯಿತು. ಲ್ಯಾಪ್‌ಟಾಪುಗಳಲ್ಲಿ ಅದನ್ನು ಅಳವಡಿಸಲು ಆಗದೆ, ಪವರ್‌ಬುಕ್ ಯಂತ್ರಗಳು ಹಳೆಯ ಜಿ4 ಪ್ರೊಸೆಸರಿನಲ್ಲಿಯೇ ಉಳಿದವು. ಬಳಸುವ ಪ್ರತಿ ವ್ಯಾಟ್ ವಿದ್ಯುತ್ತಿಗೆ ದೊರೆಯುವ ಕಾರ್ಯಕ್ಷಮತೆಯಲ್ಲಿ ಇಂಟೆಲ್‌ನ ಮುಂದಿನ ಪ್ರೊಸೆಸರುಗಳು ಬಹಳ ಮುಂದಿವೆ ಎಂಬುದೇ ಜಾಬ್ಸ್ ನೀಡಿದ ಮುಖ್ಯ ಕಾರಣ.

ಪೂರ್ವಸಿದ್ಧತೆ

ಮ್ಯಾಕ್ ಓಎಸ್ ಎಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ಮೂಲವು ಜಾಬ್ಸ್ ಸ್ಥಾಪಿಸಿದ ನೆಕ್ಸ್ಟ್ ಸಂಸ್ಥೆಯ ನೆಕ್ಸ್ಟ್‌ಸ್ಟೆಪ್ ವ್ಯವಸ್ಥೆಯಲ್ಲಿದೆ. ಅದು ಆಗಲೇ ಇಂಟೆಲ್ ಪ್ರೊಸೆಸರುಗಳ ಮೇಲೆ ನಡೆಯುತ್ತಿತ್ತು. ಮ್ಯಾಕ್ ಓಎಸ್ ಎಕ್ಸ್‌ನ ಪ್ರತಿಯೊಂದು ಆವೃತ್ತಿಯನ್ನೂ ಐದು ವರ್ಷಗಳಿಂದ ಗುಟ್ಟಾಗಿ ಇಂಟೆಲ್‌ಗಾಗಿಯೂ ಸಿದ್ಧಪಡಿಸಲಾಗುತ್ತಿತ್ತು ಎಂದು ಜಾಬ್ಸ್ ಸಮ್ಮೇಳನದಲ್ಲಿ ಬಹಿರಂಗಪಡಿಸಿದರು. ಅಂದು ವೇದಿಕೆಯ ಮೇಲೆ ಅವರು ಬಳಸುತ್ತಿದ್ದ ಗಣಕದಲ್ಲಿಯೂ ಇಂಟೆಲ್‌ನ ಪೆಂಟಿಯಂ 4 ಪ್ರೊಸೆಸರ್ ಇತ್ತು.

ತಾಂತ್ರಿಕ ಪರಿಹಾರಗಳು

ಪ್ರತಿಯೊಂದು ಪ್ರೊಸೆಸರ್ ಸರಣಿಗೂ ಅದರದ್ದೇ ಆದ ಆದೇಶಗಳ ಭಾಷೆ ಇರುತ್ತದೆ. ಪವರ್‌ಪಿಸಿಗಾಗಿ ಸಿದ್ಧಪಡಿಸಿದ ತಂತ್ರಾಂಶ ಇಂಟೆಲ್ ಪ್ರೊಸೆಸರಿಗೆ ನೇರವಾಗಿ ಅರ್ಥವಾಗುವುದಿಲ್ಲ. ಹಲವು ಬೈಟುಗಳ ಸಂಖ್ಯೆಯನ್ನು ಸ್ಮೃತಿಯಲ್ಲಿ ಇರಿಸುವ ಕ್ರಮವೂ ಬೇರೆ: ಪವರ್‌ಪಿಸಿ ಮ್ಯಾಕ್‌ಗಳಲ್ಲಿ ಹೆಚ್ಚಿನ ಬೆಲೆಯ ಬೈಟ್ ಮೊದಲು ಬಂದರೆ, ಇಂಟೆಲ್‌ನಲ್ಲಿ ಕಡಿಮೆ ಬೆಲೆಯ ಬೈಟ್ ಮೊದಲು ಬರುತ್ತದೆ. ಈ ತೊಡಕುಗಳಿಗೆ ಆಪಲ್ ಎರಡು ಪರಿಹಾರಗಳನ್ನು ಒದಗಿಸಿತು.

ಮೊದಲನೆಯದು ಯೂನಿವರ್ಸಲ್ ಬೈನರಿ. ಇದರಲ್ಲಿ ಒಂದೇ ತಂತ್ರಾಂಶದೊಳಗೆ ಎರಡೂ ಪ್ರೊಸೆಸರುಗಳಿಗೆ ಬೇಕಾದ ಆದೇಶಗಳು ಇರುತ್ತವೆ. ಯಂತ್ರವು ತನಗೆ ಹೊಂದುವ ಭಾಗವನ್ನು ಆರಿಸಿಕೊಳ್ಳುತ್ತದೆ. ಎರಡನೆಯದು ರೊಸೆಟ್ಟಾ. ಟ್ರಾನ್ಸಿಟಿವ್ ಸಂಸ್ಥೆಯ ತಂತ್ರಜ್ಞಾನವನ್ನು ಆಧರಿಸಿದ ಇದು, ಹಳೆಯ ತಂತ್ರಾಂಶ ನಡೆಯುತ್ತಿರುವಾಗಲೇ ಅದರ ಆದೇಶಗಳನ್ನು ಇಂಟೆಲ್‌ನ ಆದೇಶಗಳಿಗೆ ಅನುವಾದಿಸುತ್ತಿತ್ತು. ಅನುವಾದದ ಹೊರೆಯಿಂದ ವೇಗ ಕುಗ್ಗುತ್ತಿತ್ತು. ಮ್ಯಾಕ್ ಓಎಸ್ 9 ಮತ್ತು ಅದಕ್ಕೂ ಹಿಂದಿನ ತಂತ್ರಾಂಶಗಳನ್ನು ನಡೆಸುತ್ತಿದ್ದ 'ಕ್ಲಾಸಿಕ್' ಸೌಲಭ್ಯ ಇಂಟೆಲ್ ಯಂತ್ರಗಳಲ್ಲಿ ಇರಲಿಲ್ಲ.

ಬಿಡುಗಡೆಗಳು

ಇಂಟೆಲ್ ಕೋರ್ ಡ್ಯುಯೊ ಪ್ರೊಸೆಸರ್ ಹೊಂದಿದ ಐಮ್ಯಾಕ್ ಮತ್ತು ಮ್ಯಾಕ್‌ಬುಕ್ ಪ್ರೊ ಯಂತ್ರಗಳನ್ನು 2006ರ ಜನವರಿ 10ರಂದು ಪ್ರಕಟಿಸಲಾಯಿತು. ಫೆಬ್ರವರಿಯಲ್ಲಿ ಮ್ಯಾಕ್ ಮಿನಿ, ಮೇ ತಿಂಗಳಲ್ಲಿ ಮ್ಯಾಕ್‌ಬುಕ್ ಬಂದವು. ಆಗಸ್ಟ್ 7ರಂದು ಮ್ಯಾಕ್ ಪ್ರೊ ಮತ್ತು ಎಕ್ಸ್‌ಸರ್ವ್ ಪ್ರಕಟವಾಗುವುದರೊಂದಿಗೆ ಎಲ್ಲ ಮಾದರಿಗಳೂ ಇಂಟೆಲ್‌ಗೆ ಬದಲಾದಂತಾಯಿತು.

ಪರಿಣಾಮಗಳು

ಮ್ಯಾಕ್ ಯಂತ್ರದಲ್ಲಿ ಮೈಕ್ರೋಸಾಫ್ಟ್ ವಿಂಡೋಸ್ ವ್ಯವಸ್ಥೆಯನ್ನು ನೇರವಾಗಿ ನಡೆಸುವುದು ಸಾಧ್ಯವಾಯಿತು. ಇದಕ್ಕಾಗಿ ಆಪಲ್ 2006ರ ಏಪ್ರಿಲ್‌ನಲ್ಲಿ ಬೂಟ್ ಕ್ಯಾಂಪ್ ಎಂಬ ತಂತ್ರಾಂಶದ ಪ್ರಾಯೋಗಿಕ ಆವೃತ್ತಿಯನ್ನು ನೀಡಿತು. ಆದರೆ ವೃತ್ತಿಪರರು ನೆಚ್ಚಿಕೊಂಡಿದ್ದ ದೊಡ್ಡ ತಂತ್ರಾಂಶಗಳು ತಡವಾಗಿ ಬಂದವು. ಫೋಟೊಶಾಪ್ ಒಳಗೊಂಡ ಅಡೋಬಿ ಕ್ರಿಯೇಟಿವ್ ಸೂಟ್‌ನ ಇಂಟೆಲ್ ಮ್ಯಾಕ್ ಆವೃತ್ತಿ 2007ರಲ್ಲಿಯೂ, ಮೈಕ್ರೋಸಾಫ್ಟ್ ಆಫೀಸ್‌ನದು 2008ರಲ್ಲಿಯೂ ಹೊರಬಂದವು. ಅಲ್ಲಿಯವರೆಗೆ ಹೊಸ ಯಂತ್ರ ಕೊಂಡವರು ರೊಸೆಟ್ಟಾದ ಮೂಲಕ ಹಳೆಯ ಆವೃತ್ತಿಗಳನ್ನೇ ಬಳಸಬೇಕಾಯಿತು.

ಪವರ್‌ಪಿಸಿ ಯಂತ್ರಗಳ ಮಾಲೀಕರಿಗೆ ನಷ್ಟ ಹೆಚ್ಚು. ನಾಲ್ಕು ಕೋರ್‌ಗಳ ಪವರ್ ಮ್ಯಾಕ್ ಜಿ5 ಯಂತ್ರವು 2005ರ ಅಕ್ಟೋಬರ್‌ನಲ್ಲಿ ಪ್ರಕಟವಾಗಿತ್ತು. 2009ರ ಆಗಸ್ಟ್‌ನಲ್ಲಿ ಬಂದ ಮ್ಯಾಕ್ ಓಎಸ್ ಎಕ್ಸ್ 10.6 ಇಂಟೆಲ್ ಯಂತ್ರಗಳಲ್ಲಿ ಮಾತ್ರ ನಡೆಯುತ್ತಿತ್ತು. ಅಂದರೆ ನಾಲ್ಕು ವರ್ಷ ತುಂಬುವ ಮೊದಲೇ ಆಪಲ್‌ನ ಅತಿ ಶಕ್ತಿಶಾಲಿ ಪವರ್‌ಪಿಸಿ ಗಣಕಕ್ಕೆ ಹೊಸ ಕಾರ್ಯಾಚರಣಾ ವ್ಯವಸ್ಥೆ ಇಲ್ಲವಾಯಿತು. 2011ರ 10.7 ಆವೃತ್ತಿಯಲ್ಲಿ ರೊಸೆಟ್ಟಾವನ್ನು ತೆಗೆದುಹಾಕಿದ್ದರಿಂದ, ಹೊಸದಾಗಿ ಸಿದ್ಧಗೊಳ್ಳದ ಪವರ್‌ಪಿಸಿ ತಂತ್ರಾಂಶಗಳು ಆ ಆವೃತ್ತಿಯಲ್ಲಿ ನಡೆಯದಾದವು.

ನಂತರದ ಬೆಳವಣಿಗೆ

2020ರ ಜೂನ್‌ನಲ್ಲಿ ಆಪಲ್ ಇಂಟೆಲ್ ಅನ್ನೂ ಬಿಟ್ಟು, ಆರ್ಮ್ ವಿನ್ಯಾಸವನ್ನು ಆಧರಿಸಿದ ತನ್ನದೇ ಚಿಪ್‌ಗಳಿಗೆ ಬದಲಾಗುವುದಾಗಿ ಘೋಷಿಸಿತು. ಎಂ1 ಚಿಪ್ ಹೊಂದಿದ ಮೊದಲ ಮ್ಯಾಕ್‌ಗಳು ಅದೇ ವರ್ಷದ ನವೆಂಬರ್‌ನಲ್ಲಿ ಬಂದವು. ಈ ಬಾರಿಯೂ ಎರಡೂ ಪ್ರೊಸೆಸರುಗಳ ಆದೇಶಗಳುಳ್ಳ ಯೂನಿವರ್ಸಲ್ ತಂತ್ರಾಂಶ ಮತ್ತು ಅನುವಾದಕ್ಕೆ ರೊಸೆಟ್ಟಾ 2 ಎಂಬ ಹಿಂದಿನ ಎರಡು ಉಪಾಯಗಳನ್ನೇ ಅನುಸರಿಸಲಾಯಿತು.